ನೀರು ಬಂದ್ರು

ನಾಲೆಗೆ ನೀರು ಬಿಡುವ ದಿನ ನೀರುಗಂಟಿ ಮಾಯಿಗ
ತೂಬಿನಿಂದ ಹತ್ತು ಮಾರು ದೂರದಲ್ಲೇ ಮೆಟ್ಟು ಬಿಡುತ್ತಿದ್ದ.
ಗುದ್ದಲಿ ಒರಗಿಸಿ, ತಲೆಯ ಟವಲು ಸೊಂಟಕ್ಕೆ ಸುತ್ತಿ,
ಏರಿಯ ಮೇಲೆ ಪಕ್ಕಕ್ಕೆ ಸರಿದು ನಿಂತು ಕೂಗುತ್ತಿದ್ದ:
'ನೀರು ಬಂದ್ರು! ದಾರಿ ಬುಡ್ರುಲಾ!'

ಬರುತ್ತಿದ್ದದ್ದೇನು ಮಹಾ?
ಒಣ ಕಾಲುವೆಯ ತಳದಲ್ಲಿ ನಾಲಗೆಯಷ್ಟು ಕೆಂಪು ನೀರು,
ಹೊಂಗೆ ಎಲೆ, ಬೀಡಿ ಕಟ್ಟಿನ ಕಾಗದ, ಯಾರದೋ ಒಂಟಿ ಚಪ್ಪಲಿ
ತಳ್ಳಿಕೊಂಡು, ತಡವರಿಸಿಕೊಂಡು.
ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು.

ನಮ್ಮ ಮದ್ದೂರು ಕಡೆಯ ಬಾಯಿಗೆ ಬಹುವಚನ ಒಗ್ಗುವುದಿಲ್ಲ.
ಅಪ್ಪನಿಗೆ 'ಉಣ್ಣು ಬಾ', ದೇವರಿಗೆ 'ಎಲ್ಲಿ ಸತ್ತಿದ್ಯೋ',
ಸಿಟ್ಟಿಗೂ ಮುದ್ದಿಗೂ ಅದೇ ಒಂದು 'ಲಾ'.
ಅವನೂ ಅಷ್ಟೆ. ಜೀಪಿನಲ್ಲಿ ಬಂದ ಇಂಜಿನಿಯರಿಗೇ
'ಅಳ್ತೆ ಆಮೇಕೆ ನೋಡೀವಂತೆ, ಕುಂತ್ಕೊ ಮಗ' ಎಂದವನು.
ನೀರಿಗೆ ಮಾತ್ರ
ಬಂದ್ರು, ಹೋದ್ರು, ಸಿಟ್ಟಾಗವ್ರೆ, ಮನಿಕೊಂಡವ್ರೆ.

ನಾಲ್ಕನೇ ಕ್ಲಾಸಿನ ಪರೀಕ್ಷೆಯಲ್ಲಿ ನಾನೂ ಬರೆದೆ:
'ನಮ್ಮ ಗದ್ದೆಗೆ ನೀರು ಬಂದರು.'
ಜಯಶೀಲಾ ಮಿಸ್ಸು ಕೆಂಪು ಶಾಯಿಯಲ್ಲಿ ಸುತ್ತಿ
ಅರ್ಧ ಅಂಕ ಕಳೆದರು.
ನಪುಂಸಕಲಿಂಗ. ಬಂತು.

ಭತ್ತಕ್ಕೆ ಕೊನೆಯ ನೀರು ಕಟ್ಟಿದ ಮಧ್ಯಾಹ್ನ
ಹಿತ್ತಲ ಬಾಗಿಲಲ್ಲಿ ನಿಂತು 'ಅವ್ವಾ, ಗಂಟ್ಲು' ಎಂದ.
ಅಜ್ಜಿ ಚೊಂಬನ್ನು ಎತ್ತರಕ್ಕೆತ್ತಿ ಸುರಿದಳು.
ಬಾಗಿದ, ಬೊಗಸೆಯೊಡ್ಡಿದ, ಕುಡಿದ,
ಒದ್ದೆಗೈ ಕಣ್ಣಿಗೊತ್ತಿಕೊಂಡ.
ಮುಟ್ಟಿಸಿಕೊಳ್ಳದ ಆ ಚೊಂಬಿಗಲ್ಲ, ಅಜ್ಜಿಗೂ ಅಲ್ಲ
ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ರೇಷನ್ ಕಾರ್ಡಿನಲ್ಲಿ ಅವನ ಹೆಸರು ಮಾಯಿಗಯ್ಯ.
ಆ 'ಅಯ್ಯ' ಊರ ಬಾಯಿ ತಲುಪುವ ಮುಂಚೆ
ಎಲ್ಲೋ ಏರಿ ಒಡೆದು ಹರಿದುಹೋಗುತ್ತಿತ್ತು.

ಈಗ ಮಂಡ್ಯದ ಬಾಡಿಗೆ ಮನೆ. ಮೂರು ದಿನಕ್ಕೊಮ್ಮೆ,
ರಾತ್ರಿ ಎರಡಕ್ಕೆ, ನಲ್ಲಿ ಗೊರಗೊರ ಗಂಟಲು ಸರಿಮಾಡಿಕೊಂಡರೆ
ಮಂಪರಿನಲ್ಲೇ ಎದ್ದು ಅನ್ನುತ್ತೇನೆ: ಬಂದ್ರು.
ಬಿಂದಿಗೆಯಿಡುವ ಮುಂಚೆ ಚಪ್ಪಲಿ ಬಿಡುತ್ತೇನೆ.

ಇಷ್ಟಾದರೂ ಕಲಿತೆನಲ್ಲ ಎಂದು ಬೀಗಿ
ಇದನ್ನು ಬರೆದು, ಓದಿ ನೋಡಿದರೆ
ಮೊದಲ ಮಾತಿನಿಂದ ಇಲ್ಲಿಯವರೆಗೂ
ಬಿಡುತ್ತಿದ್ದ, ಕೂಗುತ್ತಿದ್ದ, ಬಾಗಿದ, ಕುಡಿದ.

ಕೆಂಪು ಪೆನ್ನು ಹುಡುಕುತ್ತಿದ್ದೇನೆ, ಮಿಸ್.