ನೀರು ಬಿಡುವವನ ಮಾತು

ಬೆಳಗಿನ ಐದಕ್ಕೆ ಬ್ರ್ಯಾಡ್‌ಫರ್ಡಿನ ರಿಂಕಿನಲ್ಲಿ
ನಾನು, ನನ್ನ ಗಾಡಿ.
ಐಸು ಹೆರೆದು, ಬಿಸಿನೀರು ಬಿಟ್ಟು
ನಿನ್ನೆಯದನ್ನೆಲ್ಲ ಒರೆಸಿದ ಪಾಟಿ ಮಾಡುವುದು ಕೆಲಸ.

ಆರಕ್ಕೆ ಗ್ಲೆನಿಸ್. ಥರ್ಮಾಸು, ಕೆಟ್ಟ ಮೊಣಕಾಲು.
ಎಂಬತ್ತಾರರಲ್ಲಿ ಇಡೀ ದೇಶಕ್ಕೆ ಮೂರನೆಯವಳು.
ಪದಕ ಎಲ್ಲಿ ಅಂದರೆ
‘ಹಿತ್ತಿಲ ಬಾಗಿಲು ಬಡಿಯದ ಹಾಗೆ ಸಿಕ್ಕಿಸಿದ್ದೀನಿ’ ಅಂತಾಳೆ.
ಮಕ್ಕಳಿಗೆ ದಿನಾ ಒಂದೇ ಬೈಗುಳ:
‘ನೆಲ ಯಾಕೆ ನೋಡ್ತೀಯೇ,
ನೆಲ ಎಲ್ಲಿಗೂ ಓಡಿಹೋಗಲ್ಲ!’

ಯಾವ ಗೀರು ಯಾರದೆಂದು ನನಗೆ ಗೊತ್ತು.
ಇಮೊಜೆನಳದು ಕೋಳಿ ಕೆದರಿದ್ದು.
ಶಕೀಲನದು ಬರೀ ಗಡಿಬಿಡಿ, ಅರ್ಧಕ್ಕೇ ತಿರುವು.
ಅವಳದು, ತೋರಿಸಿಕೊಡುವಾಗ ಎಳೆದದ್ದು,
ದರ್ಜಿಯ ಸೀಮೆಸುಣ್ಣದ ಹಾಗೆ
ಒಂದೇ ಗೆರೆ, ತಿದ್ದಿಲ್ಲ.

ಮೊನ್ನೆ ಅವಳಿಗೆ ಐವತ್ತೆಂಟು ತುಂಬಿತು. ಕೇಕು ತಿಂದೆವು,
ಬೀಗ ತಾನೇ ಹಾಕುತ್ತೇನೆಂದಳು.

ಮರುದಿನ ದೀಪ ಹಾಕಿದರೆ
ನಟ್ಟನಡುವೆ ಉದ್ದನೆಯ ಬಾಗು, ಆಳವಾದದ್ದು,
ಆಮೇಲೆ ಆರಡಿ ಏನೂ ಇಲ್ಲ,
ಗೀರೂ ಇಲ್ಲ, ಪುಡಿಯೂ ಇಲ್ಲ,
ಆಮೇಲೆ ಅಗಲಕ್ಕೆ ಜಾರಿದ ಕಲೆ,
ಪಕ್ಕದಲ್ಲಿ ಒಂದು ಅಂಗೈ.

ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ನಿಂತೆ.
ಅಲ್ಲಿಗೆ ಎರಡು ಸಲ ನೀರು ಬಿಟ್ಟೆ.

ಆರಕ್ಕೆ ಬಂದಳು, ಕುಂಟು ತುಸು ಹೆಚ್ಚು.
‘ಐಸು ಚೆನ್ನಾಗಿ ಕೂತಿದೆ ಇವತ್ತು’ ಅಂದಳು.
ಹೌದೆಂದೆ.