ನೀಲಿ ಖಾಲಿ

ನಾನು ಜುರಾಂದಿರ್. ಬೋವಾ ವಿಸ್ತಾದ ಈ ಶಾಲೆಯಲ್ಲಿ
ಗಂಟೆ ಹೊಡೆಯುವವನು, ನಲ್ಲಿ ರಿಪೇರಿಯವನು,
ಇವತ್ತೊಂದು ದಿನ ಚಿತ್ರ ಅಂಟಿಸುವವನು.
ನಾಳೆ ಪ್ರದರ್ಶನ. ವಿಷಯ: ನನ್ನ ಮನೆ.
ಇವೊನೇಚಿ ಟೀಚರ್ ಅರವತ್ತೆರಡು ಹಾಳೆ ಎಣಿಸಿ ಕೊಟ್ಟು
ಟೇಪು ಜೋಪಾನ, ಇರುವುದೊಂದೇ ಸುರುಳಿ, ಅಂದರು.

ಊಟದ ಹಾಲಿನ ಗೋಡೆ ತುಂಬ ಮನೆಗಳು.
ಹೊಗೆಗೂಡಿನ ಮನೆ (ಈ ಸೆಕೆಯಲ್ಲಿ
ಯಾರು ಚಳಿ ಕಾಯಿಸುತ್ತಾರೋ, ದೇವರೇ ಬಲ್ಲ).
ಕಿಟಕಿಗೆ ಪರದೆ ಕಟ್ಟಿದ ಬಸ್ಸು, ಅದೇ ಮನೆ.
ಗಡಿಯಲ್ಲಿ ಸಾಲು ನಿಂತ ಜನ, ಸಾಲಿನ ಬಾಲಕ್ಕೊಂದು ನಾಯಿ,
ಅದರ ಕೊರಳಲ್ಲೂ ಗುರುತಿನ ಚೀಟಿ.
ಮನೆಗಿಂತ ದೊಡ್ಡದಾದ ಅಪ್ಪನ ಮೋಟರ್ ಸೈಕಲ್ಲು.

ಒಂದರಲ್ಲಿ ಮನೆಯೇ ಇರಲಿಲ್ಲ.
ಒಂದು ದೋಣಿ, ಹುಟ್ಟುಗಳನ್ನೆಲ್ಲ ಮೇಲಕ್ಕೆತ್ತಿ
ಯಾರೋ ಆಕಾಶಕ್ಕೆ ಚುಚ್ಚಿ ನಿಲ್ಲಿಸಿದ್ದರು.
ಆಕಾಶವೋ, ಗೀಚಿ ಗೀಚಿ
ಕಾಗದ ಬೆವರುವಷ್ಟು ನೀಲಿ.
ನಾಲ್ಕು ಮೂಲೆಗೂ ಟೇಪು ಒತ್ತಿದೆ.

ಬೆನ್ನ ಹಿಂದೆ ಯಾರೋ ನಿಂತ ಹಾಗೆ.
ಲಿಬ್ರಾದಾ. ಶಿಬಿರದ ಡೇರೆಗಳ ಹುಡುಗಿ, ವರಾವೋ ಜನ,
ಒರಿನೋಕೋ ನದಿ ಸಮುದ್ರ ಸೇರುವ ಮುಂಚೆ
ಜಡೆ ಬಿಚ್ಚುತ್ತದಲ್ಲ, ಆ ಕಡೆಯವಳು.
ತಲೆ ವಾರೆ ಮಾಡಿದಳು. ಇನ್ನೂ ವಾರೆ.
ಕೊನೆಗೆ ಬಗ್ಗಿ, ಕಾಲ ಸಂದಿಯಿಂದ ನೋಡಿ ನಕ್ಕಳು.
‘ತಲೆಕೆಳಗೆ, ಜುರಾ. ಅದು ಆಕಾಶ ಅಲ್ಲ, ನಮ್ಮ ನೆಲ.’

ನೆಲವಾ?

‘ನೀರು. ಮೇಲೆ ಕಂಬ, ಕಂಬದ ಮೇಲೆ ಮನೆ.
ರಾತ್ರಿ ಜೋಲಿಯಿಂದ ಕೈ ಇಳಿಬಿಟ್ಟರೆ
ಮೀನು ತಿರುಗಾಡೋದು ಕೇಳಿಸುತ್ತೆ.
ಇಲ್ಲಿ ಡೇರೆ ಕೆಳಗೆ ಬರೀ ಕಲ್ಲು.
ಕಲ್ಲು ಏನೂ ಹೇಳಲ್ಲ.’

ಟೇಪು ಕಿತ್ತೆ. ಒಂದು ಮೂಲೆ ಹರಿಯಿತು;
ಅವಳು ನೋಡಲಿಲ್ಲ, ಅಥವಾ ನೋಡಿಯೂ.
ತಿರುಗಿಸಿದೆ. ದೋಣಿ ಸೂರಾಯಿತು,
ಹುಟ್ಟುಗಳು ನೀರಿಗಿಳಿದು ಕಾಲೂರಿ ನಿಂತವು.
ಊರಿದಲ್ಲೇ ಊರು. ಗೋಡೆಯಿಲ್ಲ, ಬಾಗಿಲಿಲ್ಲ,
ಯಾರು ಬೇಕಾದರೂ ಬರಬಹುದು, ಈಜು ಬಂದರೆ.

ನನ್ನಪ್ಪ ಚಿನ್ನದ ಆಸೆಗೆ ಮರನ್ಯಾವ್‌ನಿಂದ ಬಂದವನು.
ಚಿನ್ನ ಸಿಗಲಿಲ್ಲ. ಮಲೇರಿಯಾ ಸಿಕ್ಕಿತು, ಅಮ್ಮ ಸಿಕ್ಕಳು.
ನಿಮ್ಮೂರು ಯಾವುದಪ್ಪಾ ಅಂದರೆ
ಹಿತ್ತಲ ಗೇರುಮರದ ಕಡೆ ಗದ್ದ ಎತ್ತುತ್ತಿದ್ದ.
ನಾನೂ ಅಲ್ಲಿಗೇ ಬಿಟ್ಟೆ, ಮುಂದೆ ಕೇಳಲಿಲ್ಲ.

ಕೊನೆಯ ಸಾಲಿನಲ್ಲಿ ಒಂದು ಹಾಳೆಯಷ್ಟು ಜಾಗ ಮಿಕ್ಕಿತು.
‘ನೀನೂ ಬಿಡಿಸು’ ಅಂದಳು, ಅಪ್ಪಣೆಯ ಹಾಗೆ.
ಮಕ್ಕಳ ಬೆಂಚು. ಮೊಣಕಾಲು ಗದ್ದಕ್ಕೆ ತಾಗುತ್ತದೆ.
ಐವತ್ತೊಂದು ವರ್ಷದವನಿಗೆ ಗೊತ್ತಾಗಲಿಲ್ಲ
ಸೂರಿಂದ ಶುರು ಮಾಡುವುದೋ, ಕೆಳಗಿನಿಂದಲೋ.
ಒಂದು ಮರ ಬರೆದೆ. ಮರದ ಪಕ್ಕ ನಲ್ಲಿ,
ಅಷ್ಟು ಗೊತ್ತು ನನಗೆ. ನೀಲಿ ಎಲ್ಲಿ ಅಂದೆ.

‘ನೀಲಿ ಖಾಲಿ. ನಾನೇ ಖರ್ಚು ಮಾಡಿದ್ದು.
ಹಸಿರು ತಗೋ. ಹಸಿರಲ್ಲೂ ನೀರು ಬರುತ್ತೆ.’

ಬಂತು. ಅಂಟಿಸಲು ಹೋದರೆ
ಟೇಪೂ ಮುಗಿದಿತ್ತು.
ಅವಳು ಊಟದ ಮೇಜುಗಳ ಕೆಳಗೆಲ್ಲ ತೂರಿ ಬಂದು
ಅಂಗೈ ಬಿಚ್ಚಿದಳು:
ನಾಲ್ಕು ಮೂಲೆಗೆ ನಾಲ್ಕು
ಅಗುಳು ಅನ್ನ.