ಆರನೇ ನಂಬರಿನ ಅಂಗಿ

ಗಣಿಯವರ ಕ್ಲಬ್ಬಿನಲ್ಲಿ ಬಟ್ಟೆ ಒಗೆದವಳು ನಾನು, ಗೆರ್ತ್ರುದಾ.
ಇಪ್ಪತ್ತಾರು ವರ್ಷ. ಆಟ ನೋಡಿದ್ದು ಕಡಿಮೆ.
ಸೋಮವಾರದ ಬುಟ್ಟಿಯೊಳಗೆ ಕೈ ಹಾಕಿದರೆ ಸಾಕು,
ಶನಿವಾರದ್ದೆಲ್ಲ ಬೆರಳಿಗೆ ತಿಳಿಯುತ್ತಿತ್ತು.

ಗೋಲು ಹೊಡೆಯುವವನದು ಎದೆಯ ಮೇಲೆ ಕೊಳೆ,
ಎಲ್ಲರೂ ಮೇಲೆ ಬಿದ್ದು ಅಪ್ಪಿಕೊಂಡದ್ದು.
ಗೋಲ್‌ಕೀಪರನದು ಎಡ ಪಕ್ಕೆ, ಬಲ ಪಕ್ಕೆ.
ಅಂಚಿನಲ್ಲಿ ಓಡುವ ಚೆಲುವರದು, ಸೋತ ದಿನವೂ,
ಇಸ್ತ್ರಿ ಬೇಡಿತು ಅಷ್ಟೆ.
ರೂಫಿನ್ ಗವ್ಲಿಕನದು ಮಾತ್ರ
ಮುಂದೆ, ಹಿಂದೆ, ಕಂಕುಳು, ಕಾಲರು,
ಹೊಲಿಗೆಯ ಒಳಗೂ ಮಣ್ಣು.
ನಡುಮೈದಾನದವನು.
ಬರುವವರ ದಾರಿಗೆ ಅಡ್ಡ ನಿಲ್ಲುವುದೇ ಅವನ ಕಸುಬು.

ಹದಿನೇಳಕ್ಕೆ ಬಂದ. ಅಂಗಿ ದೊಡ್ಡದಾಯಿತು,
ತೋಳು ಎರಡು ಬೆರಳು ಮಡಚಿ ಹೊಲಿದುಕೊಟ್ಟೆ.
ಅವನಪ್ಪ ಮೂರನೇ ಶಾಫ್ಟಿನಲ್ಲಿ ಆನುಕಂಬ ನಿಲ್ಲಿಸುವವನು.
ಕಲ್ಲಿದ್ದಲು ಕಡಿದು ಫೋಟೊ ತೆಗೆಸಿಕೊಂಡವರು ಬೇರೆ,
ಮೇಲಿನದು ಕೆಳಗೆ ಬೀಳದಂತೆ ಮರ ಆನಿಸಿದವರು ಬೇರೆ.
“ನನ್ನ ಹೆಸರು ಯಾರಾದರೂ ಕೂಗಿದರೆ
ಎಲ್ಲೋ ಏನೋ ಕುಸಿದಿದೆ ಅಂತ ತಿಳಿ,” ಎನ್ನುತ್ತಿದ್ದನಂತೆ.
ಮಗ ಅದನ್ನೇ ಹುಲ್ಲಿನ ಮೇಲೆ ಮಾಡಿದ.

ಒಮ್ಮೆ ನೋಡಿದ್ದೇನೆ. ಹಿಮ ಕಲಸಿದ ಬುಧವಾರ,
ಒಣಗಿದ ಸಾಕ್ಸು ಕೊಡಲು ಹೋಗಿ ಗೇಟಿನಲ್ಲೇ ನಿಂತುಬಿಟ್ಟೆ.
ಚೆಂಡು ಇನ್ನೂ ದಾರಿಯಲ್ಲಿದೆ,
ಇವನು ಆಗಲೇ ಹೆಗಲ ಮೇಲಿಂದ ಹಿಂದೆ ನೋಡಿದ,
ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಬಂದವಳ ಹಾಗೆ.
ಬಂದದ್ದನ್ನು ಇಟ್ಟುಕೊಳ್ಳಲಿಲ್ಲ.
ಒಂದೇ ತಟ್ಟು, ಪಕ್ಕದವನಿಗೆ.
ಪಕ್ಕದವನು ಓಡಿದ, ಜನ ಎದ್ದು ನಿಂತರು.
ಇವನು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ.

ಮುನ್ನೂರ ಹನ್ನೊಂದು ಪಂದ್ಯ. ಒಂಬತ್ತು ಗೋಲು.
ಅದರಲ್ಲಿ ಮೂರು ಅವನ ಕಾಲಿಗೆ ಗೊತ್ತಿಲ್ಲದೆ ಆದವು.
ಅಂಗಿಯನ್ನು ತಂತಿಗೆ ಕೆಳ ಅಂಚಿನಿಂದ ಸಿಕ್ಕಿಸುತ್ತಿದ್ದೆ,
ತಲೆಕೆಳಗಾಗಿ ಆರು ಒಂಬತ್ತಾಗುತ್ತಿತ್ತು.
ವಾರಕ್ಕೊಮ್ಮೆ, ಒಣಗುವಷ್ಟು ಹೊತ್ತು,
ಅವನೂ ಗೋಲು ಹೊಡೆಯುವವನು.
ಚಿಮಣಿಯ ಮಸಿ ಬಂದು ಕೂತರೆ ಮತ್ತೆ ಒಗೆ.

ಮಂಡಿ ಹೋದ ಹದಿನಾಲ್ಕು ತಿಂಗಳು
ಆರನ್ನು ಬೇರೆ ಹುಡುಗ ತೊಟ್ಟ.
ಸೋಪು ಅರ್ಧಕ್ಕೆ ಅರ್ಧ ಉಳಿಯಿತು. ನಾವು ಕೆಳಗಿನ ದರ್ಜೆಗಿಳಿದೆವು.
ಎರಡಕ್ಕೂ ಸಂಬಂಧವಿದೆಯೆಂದು
ಮ್ಯಾನೇಜರನಿಗೆ ಹೇಳಲು ನಾನು ಯಾರು?

ಇನ್ನೊಂದು ಮಾತು.
ಮಂಡಿಗೆ ಮೊದಲು ಒಮ್ಮೆ ದೇಶದ ತಂಡ ಕರೆಯಿತು.
ಸೋಫಿಯಾದಲ್ಲಿ ತೊಂಬತ್ತು ನಿಮಿಷ ಬೆಂಚಿನ ಮೇಲೆ.
ತಿರುಗಿ ಬಂದವನು ಬಿಳಿ ಅಂಗಿಯನ್ನು ಕಾಗದದಲ್ಲಿ ಸುತ್ತಿ ತಂದ.
“ಟ್ರೂದಾ ಅತ್ತೆ, ಇದನ್ನು ಒಗೆದುಕೊಡ್ತೀರಾ?”
ಬಿಡಿಸಿ ನೋಡಿದೆ. ಒಂದು ಹನಿ ಬೆವರಿಲ್ಲ.
ಏನೂ ಕೇಳಲಿಲ್ಲ. ನೆನೆಹಾಕಿದೆ, ಉಜ್ಜಿದೆ, ಮೂರು ನೀರು ಹಾಕಿದೆ.
ಕೊಳೆಯೇ ಇಲ್ಲದ್ದನ್ನು ಒಗೆಯಲು
ಎಷ್ಟು ಹೊತ್ತು ಹಿಡಿಯುತ್ತದೆ, ನಿಮಗೆ ಗೊತ್ತಿಲ್ಲ.

ಮೂರನೇ ಶಾಫ್ಟು ಮುಚ್ಚಿದ ವರ್ಷ ಕ್ಲಬ್ಬನ್ನು ಟೈಲ್ಸಿನವನು ಕೊಂಡ.
ಹೊಸ ಅಂಗಿ ಬಂತು, ನೀರು ಕಂಡರೆ ಸಾಕು ಶುಭ್ರ.
ರೂಫಿನನಿಗೆ ಎರಡು ಸಾಲಿನ ಕಾಗದ,
ಮೂವತ್ನಾಲ್ಕು ತುಂಬಿತ್ತು, ಒಂದು ಹೂಗುಚ್ಛವೂ ಇತ್ತಂತೆ.
ಒಗೆಯುವುದು ನನ್ನ ಕೆಲಸ.
ಅವನನ್ನು ಒಗೆದವರು ಬೇರೆ.

ಈಗ ಟ್ರಾಮು ಓಡಿಸುತ್ತಾನೆ.
ಮೊನ್ನೆ ಆಲೂಗಡ್ಡೆ ಚೀಲ ಹಿಡಿದು ಹತ್ತಿದೆ,
ಅವನಿಗೆ ಗುರುತು ಸಿಗಲಿಲ್ಲ, ಸಿಗಲಿ ಅಂತ ನಾನೂ ಕೆಮ್ಮಲಿಲ್ಲ.
ಬಾಗಿಲು ಮುಚ್ಚುವ ಮೊದಲು
ಕನ್ನಡಿ ಇದ್ದರೂ ಹೆಗಲ ಮೇಲಿಂದ ಹಿಂದೆ ನೋಡಿದ.
ಯಾರೋ ಒಬ್ಬಳು ಮಗುವನ್ನೆತ್ತಿ ಓಡಿಬರುತ್ತಿದ್ದಳು.
ಕಾದ.

ಸಮವಸ್ತ್ರದ ಕಾಲರು ನೋಡಿದೆ:
ನೀಲಿ ತುಸು ಜಾಸ್ತಿಯಾಗಿದೆ.
ಯಾರು ಒಗೆಯುತ್ತಾರೋ, ಕೈ ಇನ್ನೂ ಕುದುರಿಲ್ಲ.